ಸಪೋರ್ಟ್ ಇಲ್ಲದ ಕಾಯಿ ಯಾವುದು?

(ಚಿಕ್ಕಮಗಳೂರಿನಲ್ಲಿ ಬೇಸಿಗೆ ರಜೆಯ ಚೆಸ್ ಶಿಬಿರದ ಮಕ್ಕಳು ಮತ್ತು ಪೋಷಕರ ಮುಂದೆ ಆಡಿದ ಮಾತಿನ ಬರಹ ರೂಪ)

ಮೊದಲು ಮೂರು ವಿಶೇಷ ನಡೆಗಳನ್ನು ಮುಗಿಸಿಬಿಡೋಣ. ಕ್ಯಾಸಲಿಂಗ್, ಎನ್‌ಪಾಸಾಂಟ್, ಪ್ರಮೋಷನ್. ಟೂರ್ನಮೆಂಟ್‌ನಲ್ಲಿ ಮಕ್ಕಳು ಕೈ ಎತ್ತಿ ಆರ್ಬಿಟರನ್ನು, ಅಂದರೆ ತೀರ್ಪುಗಾರರನ್ನು, ಕರೆಯುವುದು ಜಾಸ್ತಿ ಈ ಮೂರರ ವಿಷಯಕ್ಕೇ. "ಸರ್, ನಮ್ಮ ತಾತ ಹೀಗೇ ಹೇಳಿಕೊಟ್ಟಿದ್ದು" ಅನ್ನುತ್ತಾರೆ. ತಾತ ತಪ್ಪು ಹೇಳಿಲ್ಲ. ಅವರು ಆಡಿದ ಆಟವೇ ಸ್ವಲ್ಪ ಬೇರೆ. ನಮ್ಮ ಹಳೆಯ ದೇಶಿ ಪದ್ಧತಿಯಲ್ಲಿ ಕಾಲಾಳು ಮೊದಲ ಸಲವೂ ಒಂದೇ ಮನೆ ಹೋಗಬೇಕಿತ್ತು. ರಾಜನಿಗೆ ಈಗಿನ ಕ್ಯಾಸಲಿಂಗ್ ಇರಲಿಲ್ಲ. ಅದರ ಬದಲು ಆಟದಲ್ಲಿ ಒಂದು ಸಲ ಕುದುರೆ ಹಾಗೆ ನೆಗೆಯಬಹುದಿತ್ತು. ಕಾಲಾಳು ಎದುರಿನ ಕೊನೆ ಮನೆ ಮುಟ್ಟಿದರೆ, ಆ ಮನೆಯ ಮೂಲ ಕಾಯಿ ಯಾವುದೋ ಅದೇ ಆಗಬೇಕು, ರಾಣಿಯೇ ಬೇಕು ಅಂತ ಹಟ ಮಾಡುವ ಹಾಗಿಲ್ಲ. ಊರಿಂದ ಊರಿಗೆ ಇದರಲ್ಲೂ ಸಣ್ಣಪುಟ್ಟ ವ್ಯತ್ಯಾಸ.

ಪಂಜಾಬಿನ ಮೀರ್ ಸುಲ್ತಾನ್ ಖಾನ್ ಹೀಗೆ ಆಡಿಯೇ ಬೆಳೆದವರು. ಅಂತಾರಾಷ್ಟ್ರೀಯ ನಿಯಮಗಳನ್ನು ಆಮೇಲೆ ಕಲಿತರು. 1929ರಲ್ಲಿ ಇಂಗ್ಲೆಂಡಿಗೆ ಹೋದರು, ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದರು. 1932 ಮತ್ತು 1933ರಲ್ಲಿ ಮತ್ತೆ ಗೆದ್ದರು. ವಿಶ್ವ ಚಾಂಪಿಯನ್ ಆಗಿದ್ದ ಕಾಪಾಬ್ಲಾಂಕಾ ಕೂಡ ಅವರ ಕೈಲಿ ಒಂದು ಆಟ ಸೋತರು. ಚೆಸ್‌ನ ವಿಶ್ವ ಸಂಸ್ಥೆ ಫಿಡೆ 2024ರಲ್ಲಿ ಅವರಿಗೆ ಮರಣೋತ್ತರವಾಗಿ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟಿತು. ಹಾಗಾಗಿ ತಾತನ ಆಟ ಅಂತ ಮೂಗು ಮುರಿಯಬೇಡಿ. ಮನೆಯಲ್ಲಿ ಅವರ ಜೊತೆ ಅವರ ನಿಯಮದಲ್ಲೇ ಆಡಿ. ಟೂರ್ನಮೆಂಟಿಗೆ ಬಂದಾಗ ಮಾತ್ರ ಫಿಡೆ ನಿಯಮ.

ಇನ್ನೊಂದು ಮಾತು. ನಾನು ಆನೆ ಅಂದರೆ ಮೂಲೆಯಲ್ಲಿ ನಿಲ್ಲುವ ಕಾಯಿ, ಒಂಟೆ ಅಂದರೆ ಓರೆಯಾಗಿ ಹೋಗುವ ಕಾಯಿ. ರಾಣಿಗೆ ಮಂತ್ರಿ ಅನ್ನುವವರು ಹಾಗೇ ಅಂದುಕೊಳ್ಳಿ. ಇ5, ಬಿ1 ಅಂದರೆ ಮನೆಗಳ ಹೆಸರು: ಉದ್ದಸಾಲುಗಳಿಗೆ ಎಯಿಂದ ಎಚ್, ಅಡ್ಡಸಾಲುಗಳಿಗೆ ಬಿಳಿಯ ಕಡೆಯಿಂದ 1ರಿಂದ 8.

ಕ್ಯಾಸಲಿಂಗ್‌ನಲ್ಲಿ ರಾಜ ಆನೆಯ ಕಡೆಗೆ ಎರಡು ಮನೆ ಸರಿಯುತ್ತಾನೆ, ಆನೆ ಅವನನ್ನು ದಾಟಿ ಪಕ್ಕದಲ್ಲಿ ಬಂದು ನಿಲ್ಲುತ್ತದೆ. ಇಬ್ಬರೂ ಅಲ್ಲಿಯವರೆಗೆ ಅಲ್ಲಾಡಿರಬಾರದು. ನಡುವೆ ಯಾವ ಕಾಯಿಯೂ ಇರಬಾರದು. ಆ ಹೊತ್ತಿಗೆ ರಾಜನಿಗೆ ಚೆಕ್, ಅಂದರೆ ಅವನ ಮೇಲೆ ಹೊಡೆತ, ಇರಬಾರದು, ಅವನು ದಾಟುವ ಮನೆ ಮತ್ತು ನಿಲ್ಲುವ ಮನೆ ಎದುರಾಳಿಯ ಹೊಡೆತದಲ್ಲಿ ಇರಬಾರದು. ಇಷ್ಟನ್ನು ಎಲ್ಲರೂ ಬಾಯಿಪಾಠ ಹೇಳುತ್ತೀರಿ. ತಕರಾರು ಬರುವುದು ಇದರ ಅಂಚಿನಲ್ಲಿ. "ಒಂದು ಸಲ ಚೆಕ್ ಬಿದ್ದರೆ ಕ್ಯಾಸಲಿಂಗ್ ಹೋಯ್ತು" ಅಂತ ತುಂಬ ಜನ ನಂಬಿದ್ದಾರೆ. ಹೋಗಿಲ್ಲ. ಆ ಚೆಕ್ಕನ್ನು ರಾಜ ಅಲ್ಲಾಡದೆ ಬೇರೆ ಕಾಯಿ ಅಡ್ಡ ಇಟ್ಟು ತಡೆದಿದ್ದರೆ ಮುಂದೆ ಆರಾಮಾಗಿ ಕ್ಯಾಸಲ್ ಮಾಡಬಹುದು.

ಆನೆಯ ಮೇಲೆ ಹೊಡೆತ ಇದ್ದರೆ? ಮಾಡಬಹುದು. ರಾಣಿಯ ಕಡೆ ಕ್ಯಾಸಲ್ ಮಾಡುವಾಗ ಆನೆ ದಾಟುವ ಬಿ1 ಮನೆ ಹೊಡೆತದಲ್ಲಿದ್ದರೆ? ಅದೂ ಪರವಾಗಿಲ್ಲ. ನಿಯಮ ಕಾಯುವುದು ರಾಜನನ್ನು ಮಾತ್ರ. ಇದು ಗೊತ್ತಿಲ್ಲ ಅಂತ ನಾಚಿಕೊಳ್ಳಬೇಡಿ. 1974ರಲ್ಲಿ ಮಾಸ್ಕೋದಲ್ಲಿ ಕಾರ್ಪೋವ್ ಮತ್ತು ಕೊರ್ಚ್‌ನೋಯ್ ನಡುವೆ ಪಂದ್ಯ. ಗೆದ್ದವರು ವಿಶ್ವ ಚಾಂಪಿಯನ್ ಫಿಷರ್‌ಗೆ ಸವಾಲು ಹಾಕುವವರು. 21ನೇ ಆಟದಲ್ಲಿ ಕೊರ್ಚ್‌ನೋಯ್ ಎದ್ದು ಹೋಗಿ ಆರ್ಬಿಟರನ್ನು ಕೇಳಿದರು, "ಆನೆ ಮೇಲೆ ಹೊಡೆತ ಇದೆ, ಕ್ಯಾಸಲ್ ಮಾಡಬಹುದಾ?" ಅಂತ. ಮಾಡಬಹುದು ಅಂದರು. ಮಾಡಿದರು, ಆ ಆಟ ಗೆದ್ದರು. ಅಷ್ಟು ದೊಡ್ಡ ಆಟಗಾರ ಸಾವಿರಾರು ಸಲ ಕ್ಯಾಸಲ್ ಮಾಡಿದವರು. ಅನುಮಾನ ಬಂತು, ಕೇಳಿದರು. ನೀವೂ ಗಡಿಯಾರ ನಿಲ್ಲಿಸಿ ಕೇಳಿ.

ಕ್ಯಾಸಲ್ ಮಾಡುವಾಗ ಮೊದಲು ರಾಜನನ್ನು ಮುಟ್ಟಿ. ಆನೆಯನ್ನು ಮೊದಲು ಮುಟ್ಟಿದರೆ ಮುಟ್ಟಿದ ಕಾಯಿ ನಡೆಸಬೇಕು ಅನ್ನುವ ನಿಯಮ ಅಲ್ಲೇ ಹಿಡಿದುಕೊಳ್ಳುತ್ತದೆ. ಎರಡೂ ಕೈ ಬಳಸಬೇಡಿ. ಒಂದೇ ಕೈ, ಮೊದಲು ರಾಜ, ಆಮೇಲೆ ಆನೆ.

ಎನ್‌ಪಾಸಾಂಟ್ ವಿಷಯ ಚಿಕ್ಕದು. ನಿಮ್ಮ ಬಿಳಿ ಕಾಲಾಳು ಇ5ರಲ್ಲಿ ನಿಂತಿದೆ. ಎದುರಾಳಿ ಡಿ7ರ ಕಾಲಾಳನ್ನು ಒಂದೇ ಏಟಿಗೆ ಡಿ5ಕ್ಕೆ ತಂದು ನಿಮ್ಮ ಪಕ್ಕ ನಿಲ್ಲಿಸಿದ. ಅವನು ಒಂದೇ ಮನೆ ಬಂದು ಡಿ6ರಲ್ಲಿ ನಿಂತಿದ್ದರೆ ಹೇಗೆ ಹೊಡೆಯುತ್ತಿದ್ದಿರೋ ಹಾಗೇ ಹೊಡೆಯಬಹುದು. ನಿಮ್ಮ ಕಾಲಾಳು ಡಿ6ಕ್ಕೆ ಹೋಗುತ್ತದೆ, ಡಿ5ರಲ್ಲಿದ್ದದ್ದು ಆಚೆ. ಕಾಲಾಳು ಮಾತ್ರ ಇದನ್ನು ಮಾಡಬಹುದು, ಅದೂ ಆ ಕ್ಷಣದ ನಡೆಯಲ್ಲೇ. ಒಂದು ನಡೆ ಬಿಟ್ಟು "ಆಗಲೇ ಹೊಡೀಬೇಕಿತ್ತು" ಅಂದರೆ ಮುಗೀತು.

ಆದರೆ ಇದರಲ್ಲಿ ಒಂದು ಚಂದದ ಗುಂಡಿ ಇದೆ. ನಿಮ್ಮ ರಾಜ ಎ5ರಲ್ಲಿದ್ದಾನೆ ಅಂದುಕೊಳ್ಳಿ, ಅದೇ ಅಡ್ಡಸಾಲಿನ ಆ ತುದಿ ಎಚ್5ರಲ್ಲಿ ಎದುರಾಳಿಯ ಆನೆ. ನಡುವೆ ಇರುವುದು ನಿಮ್ಮ ಇ5 ಕಾಲಾಳು ಮತ್ತು ಈಗ ತಾನೇ ಬಂದ ಡಿ5 ಕಾಲಾಳು, ಎರಡೇ. ಎನ್‌ಪಾಸಾಂಟ್ ಹೊಡೆದರೆ ಒಂದೇ ನಡೆಗೆ ಆ ಸಾಲಿನಿಂದ ಎರಡೂ ಮಾಯ. ಆನೆಯ ಬಾಯಿಗೆ ನೇರ ನಿಮ್ಮ ರಾಜ. ಹಾಗಾಗಿ ಅಲ್ಲಿ ಹೊಡೆಯುವ ಹಾಗೇ ಇಲ್ಲ. ಬೇರೆ ಯಾವ ಮಾಮೂಲಿ ಹೊಡೆತದಲ್ಲೂ ಒಂದು ಅಡ್ಡಸಾಲಿನಿಂದ ಎರಡು ಕಾಯಿ ಒಟ್ಟಿಗೆ ಎದ್ದು ಹೋಗುವುದಿಲ್ಲ. ಮನೆಗೆ ಹೋಗಿ ಬೋರ್ಡ್ ಮೇಲೆ ಇಟ್ಟು ನೋಡಿ, ಆಗಲೇ ಇದು ತಲೆಗೆ ಹೋಗುವುದು.

ಪ್ರಮೋಷನ್‌ಗೆ ಬರೋಣ. ಎದುರಿನ ಕೊನೆ ಮನೆ ಮುಟ್ಟಿದ ಕಾಲಾಳನ್ನು ದೊಡ್ಡ ಕಾಯಿಗೆ ಬದಲಿಸುವುದು ಇದು. ಮೊದಲು ಒಂದು ಎಚ್ಚರಿಕೆ. ಎರಡನೇ ರಾಣಿ ಸಿಗದಿದ್ದರೆ ಆನೆಯನ್ನು ತಲೆಕೆಳಗೆ ಮಾಡಿ "ಇದು ರಾಣಿ" ಅಂತ ಇಡುತ್ತೀರಲ್ಲ, ಅದು ಮನೆಯಲ್ಲಿ ಸರಿ. ಟೂರ್ನಮೆಂಟ್‌ನಲ್ಲಿ ತಲೆಕೆಳಗಾದ ಆನೆಯೂ ಆನೆಯೇ. ಕಾಲಾಳನ್ನು ಕೊನೆ ಮನೆಗೆ ತಳ್ಳಿ, ಬದಲಿಸದೆ ಗಡಿಯಾರ ಒತ್ತಿದರೆ ಅದು ಅಕ್ರಮ ನಡೆ. ಹೆಚ್ಚು ಸಮಯದ ಆಟಗಳಲ್ಲಿ ಮೊದಲ ಸಲಕ್ಕೆ ಎದುರಾಳಿಗೆ ಎರಡು ನಿಮಿಷ ಹೆಚ್ಚು ಕೊಡುತ್ತಾರೆ, ಎರಡನೇ ಸಲಕ್ಕೆ ಆಟವೇ ಹೋಗುತ್ತದೆ. ರಾಣಿ ಕೈಗೆ ಸಿಗಲಿಲ್ಲವೇ? ಗಡಿಯಾರ ನಿಲ್ಲಿಸಿ, ಆರ್ಬಿಟರ್ ತಂದುಕೊಡುತ್ತಾರೆ. ಅದು ನಿಮ್ಮ ಹಕ್ಕು.

ರಾಣಿಯನ್ನೇ ಯಾಕೆ ತಗೋಬೇಕು? ನೂರಕ್ಕೆ ತೊಂಬತ್ತೊಂಬತ್ತು ಸಲ ಅದೇ ಸರಿ. ಉಳಿದ ಒಂದು ಸಲಕ್ಕಾಗಿ ಒಂದು ಕತೆ ಹೇಳುತ್ತೇನೆ. ಬೋರ್ಡ್ ಇಟ್ಟುಕೊಂಡವರು ಜೋಡಿಸಿ. ಬಿಳಿ ರಾಜ ಬಿ6, ಬಿಳಿ ಕಾಲಾಳು ಸಿ6. ಕಪ್ಪು ರಾಜ ಎ1ರ ಮೂಲೆಯಲ್ಲಿ, ಕಪ್ಪು ಆನೆ ಡಿ5. ಒಟ್ಟು ನಾಲ್ಕೇ ಕಾಯಿ. ಬಿಳಿಯ ನಡೆ.

ಕಾಲಾಳು ಸಿ7ಕ್ಕೆ. ಆನೆ ಡಿ6ಕ್ಕೆ ಬಂದು ಚೆಕ್. ರಾಜ ಬಿ5. ಆನೆ ಡಿ5, ಮತ್ತೆ ಚೆಕ್. ರಾಜ ಬಿ4, ಆನೆ ಡಿ4. ರಾಜ ಬಿ3, ಆನೆ ಡಿ3. ಈಗ ರಾಜ ಸಿ2ಕ್ಕೆ ಬಂದ, ಆನೆಯ ಮೇಲೇ ಬಿದ್ದ. ಇನ್ನು ಕಾಲಾಳು ರಾಣಿ ಆಗುವುದನ್ನು ತಡೆಯಲು ಆಗುವುದಿಲ್ಲ. ಆಗ ಕಪ್ಪು ಆನೆ ಸುಮ್ನೆ ಡಿ4ಕ್ಕೆ ಹೋಗಿ ಕೂರುತ್ತದೆ. ನೋಡಿದರೆ ಪೆದ್ದು ನಡೆ. ಆದರೆ ನೀವು ರಾಣಿ ಮಾಡಿದಿರಿ ಅಂದುಕೊಳ್ಳಿ, ಆನೆ ಸಿ4ಕ್ಕೆ ಬಂದು ಚೆಕ್ ಕೊಡುತ್ತದೆ. ರಾಣಿ ಅದನ್ನು ಹೊಡೆಯಲೇಬೇಕು, ಇಲ್ಲದಿದ್ದರೆ ರಾಣಿಯೇ ಹೋಗುತ್ತದೆ. ಹೊಡೆದರೆ ಮೂಲೆಯ ಕಪ್ಪು ರಾಜನಿಗೆ ಚೆಕ್ಕೂ ಇಲ್ಲ, ಹೋಗಲು ಮನೆಯೂ ಇಲ್ಲ. ಸ್ಟೇಲ್‌ಮೇಟ್. ಡ್ರಾ.

1895ರಲ್ಲಿ ಗ್ಲಾಸ್ಗೋದ ಪತ್ರಿಕೆಯೊಂದರಲ್ಲಿ ಇದು ಡ್ರಾ ಅಂತಲೇ ಅಚ್ಚಾಯಿತು. ಆಗ ಅಲ್ಲಿದ್ದ ಫರ್ನಾಂಡೋ ಸಾವೆದ್ರಾ ಅನ್ನುವ ಸ್ಪೇನಿನ ಪಾದ್ರಿಯೊಬ್ಬರು, ಇಲ್ಲ, ಬಿಳಿಗೆ ಗೆಲುವಿದೆ ಅಂದರು. ರಾಣಿ ಬೇಡ, ಆನೆ ಮಾಡಿ. ಈಗ ಸಿ4ರ ಚೆಕ್ಕನ್ನು ಆನೆ ಹೊಡೆದರೆ ಸ್ಟೇಲ್‌ಮೇಟ್ ಆಗುವುದಿಲ್ಲ, ಕಪ್ಪು ರಾಜನಿಗೆ ಎ2 ಖಾಲಿ ಇದೆ. ಅಲ್ಲದೆ ಎ8ರಿಂದ ಮೇಟ್, ಅಂದರೆ ತಪ್ಪಿಸಿಕೊಳ್ಳಲಾಗದ ಚೆಕ್, ಅದರ ಬೆದರಿಕೆ ಬೇರೆ. ತಡೆಯಲು ಕಪ್ಪು ಆನೆ ಎ4ಕ್ಕೆ ಬರಲೇಬೇಕು. ಆಗ ಬಿಳಿ ರಾಜ ಬಿ3. ಒಂದೇ ಹೆಜ್ಜೆಯಲ್ಲಿ ಎರಡು ಕೆಲಸ: ಎ4ರ ಆನೆಯ ಮೇಲೆ ಹೊಡೆತ, ಸಿ1ರಲ್ಲಿ ಮೇಟ್ ಬೆದರಿಕೆ. ಎರಡನ್ನೂ ಉಳಿಸಿಕೊಳ್ಳಲು ಆಗದು. ಆ ಪಾದ್ರಿ ದೊಡ್ಡ ಆಟಗಾರರೇನಲ್ಲ. ಈ ಒಂದು ನಡೆಯಿಂದ ಅವರ ಹೆಸರು ಇವತ್ತಿಗೂ ಉಳಿದಿದೆ. ಚೆಸ್‌ನಲ್ಲಿ ನನಗೆ ಅತ್ಯಂತ ಇಷ್ಟದ ನಾಲ್ಕು ಕಾಯಿ ಇವೇ.

ಆ ಕೊನೆ ನಡೆ ನೋಡಿದಿರಲ್ಲ, ಒಂದು ಹೆಜ್ಜೆ, ಎರಡು ಬೆದರಿಕೆ. ಇನ್ನು ಟ್ಯಾಕ್ಟಿಕ್ಸ್ ಅಂತ ನಾನು ಹೇಳುವುದೆಲ್ಲ ಇದೇ. ಫೋರ್ಕ್, ಪಿನ್, ಸ್ಕ್ಯೂಯರ್, ಡಿಸ್ಕವರ್ಡ್ ಅಟ್ಯಾಕ್ ಅಂತ ಮಕ್ಕಳು ಹೆಸರುಗಳನ್ನು ಮಗ್ಗಿ ಹಾಗೆ ಒಪ್ಪಿಸುತ್ತಾರೆ. ಆಟದಲ್ಲಿ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಯಾಕೆ? ಎಲ್ಲರೂ ತಮ್ಮ ಕಾಯಿ ಎಲ್ಲಿಗೆ ಹೋಗಬಹುದು ಅಂತ ಹುಡುಕುತ್ತಾರೆ. ನನ್ನ ಪ್ರಕಾರ ಹುಡುಕಬೇಕಾದ್ದು ಎದುರಾಳಿಯ ಯಾವ ಕಾಯಿಗೆ ಸಪೋರ್ಟ್ ಇಲ್ಲ ಅಂತ, ಅಂದರೆ ನಾವು ಅದನ್ನು ಹೊಡೆದರೆ ತಿರುಗಿ ಹೊಡೆಯಲು ಅವನ ಬೇರೆ ಕಾಯಿ ಇಲ್ಲ ಅಂತ. ಸಪೋರ್ಟ್ ಇಲ್ಲದ ಕಾಯಿ ಒಂದೂ ಇಲ್ಲ, ರಾಜನೂ ಭದ್ರ ಅಂದರೆ ಟ್ಯಾಕ್ಟಿಕ್ ಸಿಗುವುದು ಅಪರೂಪ. ಅಂಥಾ ಕಾಯಿ ಎರಡಿದ್ದರೆ ಎಲ್ಲೋ ಒಂದು ಏಟು ಕಾದಿದೆ ಅಂತಲೇ ಲೆಕ್ಕ.

ಫೋರ್ಕ್‌ಗೆ ಒಂದು ಉದಾಹರಣೆ. ಫೋರ್ಕ್ ಅಂದರೆ ಒಂದೇ ಕಾಯಿ ಒಟ್ಟಿಗೆ ಎರಡು ಕಾಯಿಗಳ ಮೇಲೆ ಹೊಡೆತ ಹಾಕುವುದು. 1966ರ ವಿಶ್ವ ಚಾಂಪಿಯನ್‌ಷಿಪ್, ಪೆಟ್ರೋಸಿಯನ್ ಮತ್ತು ಸ್ಪಾಸ್ಕಿ, 10ನೇ ಆಟ. ಪೆಟ್ರೋಸಿಯನ್ ಬಿಳಿ. ಅವರ ರಾಣಿ ಬಿ2ರಲ್ಲಿ, ಕುದುರೆ ಡಿ6ರಲ್ಲಿ. ಸ್ಪಾಸ್ಕಿಯ ರಾಜ ಜಿ8, ರಾಣಿ ಜಿ5, ಆನೆ ಎಫ್7. ಈಗ ಕೇಳಿ, ಯಾವುದಕ್ಕೆ ಸಪೋರ್ಟ್ ಇಲ್ಲ? ರಾಣಿಗೆ ಇಲ್ಲ. ಆನೆಗೆ ಇದೆ, ಆದರೆ ರಾಜನೊಬ್ಬನದೇ. ಕುದುರೆ ಎಫ್7ರಲ್ಲಿ ಹೊಡೆದರೆ ರಾಜ ಅದನ್ನು ಹೊಡೆಯುತ್ತಾನೆ. ಹಾಗಾದರೆ ರಾಜನನ್ನು ಅಲ್ಲಿಂದ ಎಳೆಯಬೇಕು. ಪೆಟ್ರೋಸಿಯನ್ ರಾಣಿಯನ್ನು ಉದ್ದದ ಓರೆಯಲ್ಲಿ ತಂದು ಎಚ್8ರಲ್ಲಿ ಇಟ್ಟರು, ರಾಜನ ಮೂಗಿನ ಕೆಳಗೆ. ಚೆಕ್. ಹೊಡೆಯದೆ ಬೇರೆ ದಾರಿ ಇಲ್ಲ. ಹೊಡೆದ ಮೇಲೆ ರಾಜ ಎಚ್8ರಲ್ಲಿ. ಕುದುರೆ ಎಫ್7ರ ಆನೆಯನ್ನು ಹೊಡೆದು ಚೆಕ್ ಕೊಡುತ್ತದೆ, ಇನ್ನೊಂದು ಕಾಲು ಜಿ5ರ ರಾಣಿಯ ಮೇಲೆ. ಕೊಟ್ಟ ರಾಣಿಗೆ ರಾಣಿ ವಾಪಸ್, ಜೊತೆಗೆ ಆನೆ. ಸ್ಪಾಸ್ಕಿ ಅಲ್ಲಿಯವರೆಗೆ ಕಾಯಲಿಲ್ಲ, ರಾಣಿ ಎಚ್8ಕ್ಕೆ ಬಂದ ಕೂಡಲೇ ಸೋಲೊಪ್ಪಿದರು.

ಇದನ್ನು ನೋಡಿ ರಾಣಿ ಬಲಿ ಕೊಡುವ ಚಪಲ ಹತ್ತಿಸಿಕೊಳ್ಳಬೇಡಿ. ಅವರು ಶುರು ಮಾಡಿದ್ದು ರಾಣಿಯಿಂದಲ್ಲ, ಜಿ5 ಮತ್ತು ಎಫ್7 ಎಷ್ಟು ಭದ್ರ ಅನ್ನುವ ಪ್ರಶ್ನೆಯಿಂದ.

ಪಿನ್ ಅಂದರೆ ಒಂದು ಕಾಯಿ ಎದ್ದರೆ ಅದರ ಹಿಂದಿನ ದೊಡ್ಡ ಕಾಯಿ ಹೊಡೆತಕ್ಕೆ ಸಿಗುತ್ತದೆ, ಹಾಗಾಗಿ ಏಳಲಾರದೆ ಕೂರುವುದು. ಹಿಂದೆ ಇರುವುದು ರಾಜನಾದರೆ ಏಳುವ ಹಾಗೇ ಇಲ್ಲ, ನಿಯಮವೇ ಬಿಡುವುದಿಲ್ಲ. ಹಿಂದೆ ರಾಣಿ ಇದ್ದರೆ? ಏಳಬಹುದು, ನಷ್ಟ ನಿಮ್ಮದು ಅಷ್ಟೆ. ಎಷ್ಟೋ ಮಕ್ಕಳು ಈ ಎರಡನ್ನೂ ಒಂದೇ ಅಂತ ತಿಳಿದು ನೆಮ್ಮದಿಯಾಗಿ ಇದ್ದುಬಿಡುತ್ತಾರೆ. ಇದಕ್ಕೆ ಸರಿಯಾದ ಔಷಧ ಪ್ಯಾರಿಸ್‌ನಲ್ಲಿದೆ.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ. ಕಾಫಿ ನಾಡಿನಲ್ಲಿ ನಿಂತು ಇದನ್ನು ಹೇಳದಿದ್ದರೆ ಹೇಗೆ? ಬಾಬಾ ಬುಡನ್ ಯೆಮನ್‌ನಿಂದ ಏಳು ಕಾಫಿ ಬೀಜ ತಂದು ನಮ್ಮ ಗಿರಿಯಲ್ಲಿ ನೆಟ್ಟ ಕತೆ ಇಲ್ಲಿ ಪ್ರತಿ ಮಗುವಿಗೂ ಗೊತ್ತು. ಯುರೋಪಿಗೂ ಕಾಫಿ ಕಾಲಿಟ್ಟದ್ದು ಹೆಚ್ಚುಕಡಿಮೆ ಅದೇ 17ನೇ ಶತಮಾನದಲ್ಲಿ. ಅಲ್ಲಿ ಕಾಫಿ ಹೋಟೆಲುಗಳು ಎದ್ದವು, ಜನ ಗಂಟೆಗಟ್ಟಲೆ ಕೂರಲು ಶುರು ಮಾಡಿದರು, ಕೂತವರು ಚೆಸ್ ಆಡಿದರು. ಪ್ಯಾರಿಸ್‌ನ ಕೆಫೆ ದ ಲಾ ರೆಜಾನ್ಸ್ ಅನ್ನುವುದು 18ನೇ ಶತಮಾನದಲ್ಲಿ ಚೆಸ್ ಆಟಗಾರರ ರಾಜಧಾನಿಯೇ ಆಗಿತ್ತು. ಅಲ್ಲಿ ಆಡುತ್ತಿದ್ದವರು ಲೆಗಾಲ್. ಆ ಕಾಲದ ದೊಡ್ಡ ಆಟಗಾರ ಫಿಲಿಡೋರ್‌ಗೆ ಗುರು. ನಮ್ಮಲ್ಲಿ ಒಂದು ಲೋಟ ಕಾಫಿಗೆ ಅರ್ಧ ಗಂಟೆ ಕೂತರೆ ಟೇಬಲ್ ಒರೆಸಲು ಬರುತ್ತಾರೆ. ಇರಲಿ.

ಲೆಗಾಲ್ ಹೆಸರಿನ ಮೇಟ್ ಹೀಗಿದೆ. ಬಿಳಿ ಇ4, ಕಪ್ಪು ಇ5. ಬಿಳಿ ಕುದುರೆ ಎಫ್3, ಕಪ್ಪು ಕಾಲಾಳು ಡಿ6. ಬಿಳಿ ಒಂಟೆ ಸಿ4. ಕಪ್ಪು ಒಂಟೆ ಜಿ4ಕ್ಕೆ ಬಂದು ಎಫ್3ರ ಕುದುರೆಯನ್ನು ರಾಣಿಗೆ ಕಟ್ಟಿಹಾಕಿತು. ಬಿಳಿ ಇನ್ನೊಂದು ಕುದುರೆ ಸಿ3. ಕಪ್ಪು ಜಿ6 ಅಂತ ಒಂದು ಸೋಮಾರಿ ನಡೆ. ಈಗ ಕಟ್ಟಿಹಾಕಿದ ಕುದುರೆ ಕಟ್ಟು ಹರಿದುಕೊಂಡು ಇ5ರ ಕಾಲಾಳನ್ನು ಹೊಡೆಯುತ್ತದೆ. ಆಸೆಬುರುಕ ಎದುರಾಳಿ ಒಂಟೆಯಿಂದ ರಾಣಿಯನ್ನು ಹೊಡೆದ ಅನ್ನಿ. ಬಿಳಿ ಒಂಟೆ ಎಫ್7ರಲ್ಲಿ ಹೊಡೆದು ಚೆಕ್. ರಾಜ ಇ7ಕ್ಕೆ ಹೋಗಲೇಬೇಕು. ಸಿ3ರ ಕುದುರೆ ಡಿ5ಕ್ಕೆ. ಮೇಟ್. ಎರಡು ಕುದುರೆ, ಒಂದು ಒಂಟೆ ಸೇರಿ ಮುಗಿಸಿಬಿಟ್ಟವು. ಅವನ ರಾಣಿ ಮನೆಯಲ್ಲೇ ಕೂತು ನೋಡುತ್ತಿದೆ.

"ರಾಣಿ ಹೊಡೆಯದೆ ಇ5ರ ಕುದುರೆಯನ್ನೇ ಹೊಡೆದರೆ?" ಹಿಂದಿನ ಸಾಲಿನಲ್ಲಿ ಯಾರೋ ಕೇಳಿದರು, ಒಳ್ಳೆಯ ಪ್ರಶ್ನೆ. ಆಗ ನಮ್ಮ ರಾಣಿ ಜಿ4ರ ಒಂಟೆಯನ್ನು ಹೊಡೆಯುತ್ತದೆ. ಯಾಕೆಂದರೆ ಅದಕ್ಕೆ ಸಪೋರ್ಟ್ ಇಲ್ಲ. ನಮಗೆ ಒಂದು ಕಾಲಾಳು ಲಾಭ. ಈಗ ಕಪ್ಪು ಕುದುರೆಯೊಂದು ಸಿ6ರಲ್ಲಿ ಇದ್ದಿದ್ದರೆ ಏನಾಗುತ್ತಿತ್ತು ಯೋಚಿಸಿ. ಅದು ಇ5ಕ್ಕೆ ಬಂದು ನಮ್ಮ ಕುದುರೆಯನ್ನು ಹೊಡೆಯುತ್ತದೆ, ಅಲ್ಲಿಂದಲೇ ಜಿ4ರ ಒಂಟೆಯನ್ನೂ ಕಾಯುತ್ತದೆ. ನಮ್ಮ ಕುದುರೆ ಸುಮ್ನೆ ಹೋಯ್ತು. ಒಂದೇ ಒಂದು ಕಾಯಿ ಬೇರೆ ಮನೆಯಲ್ಲಿದ್ದರೆ ಇಡೀ ಟ್ರಿಕ್ ಕೈಕೊಡುತ್ತದೆ. ಯೂಟ್ಯೂಬ್‌ನಲ್ಲಿ ಟ್ರಾಪ್ ನೋಡಿ ನಡೆಗಳನ್ನು ಉರು ಹೊಡೆಯುವವರು ಇಲ್ಲೇ ಸಿಕ್ಕಿಬೀಳುವುದು.

ಸ್ಕ್ಯೂಯರ್ ಪಿನ್‌ನ ತಿರುವುಮುರುವು, ಮುಂದೆ ದೊಡ್ಡ ಕಾಯಿ, ಹಿಂದೆ ಚಿಕ್ಕದು. ಮುಂದಿನದು ತಪ್ಪಿಸಿಕೊಂಡರೆ ಹಿಂದಿನದು ಸಿಗುತ್ತದೆ. ಇದಕ್ಕಿಂತ ಹೆಚ್ಚು ಹೇಳುವುದೇನಿಲ್ಲ. ಡಿಸ್ಕವರ್ಡ್ ಅಟ್ಯಾಕ್ ಅಂದರೆ ಅಡ್ಡ ನಿಂತ ನಮ್ಮದೇ ಕಾಯಿ ಸರಿದಾಗ ಹಿಂದಿನದು ಹೊಡೆಯುವುದು. ಸರಿದ ಕಾಯಿಯೂ ಚೆಕ್, ಹಿಂದಿನದೂ ಚೆಕ್ ಆದರೆ ಡಬಲ್ ಚೆಕ್. ಅದಕ್ಕೆ ಅಡ್ಡ ಇಡಲೂ ಆಗದು, ಎರಡನ್ನು ಒಟ್ಟಿಗೆ ಹೊಡೆಯಲೂ ಆಗದು. ರಾಜ ಓಡಲೇಬೇಕು.

ಕ್ಯಾಸಲ್ ಮಾಡಿದ ರಾಜ ಭದ್ರ ಅಂದುಕೊಂಡವರಿಗೆ ಒಂದು ಮಾತು. ಅವನ ಮುಂದೆ ಮೂರು ಕಾಲಾಳುಗಳು ಅಲ್ಲಾಡದೆ ನಿಂತಿವೆ, ನಿಮ್ಮ ಆನೆಗಳು ಮುಂದೆ ಹೋಗಿವೆ. ಎದುರಾಳಿಯ ಆನೆ ನಿಮ್ಮ ಮೊದಲ ಸಾಲಿಗೆ ಇಳಿದರೆ ಅಲ್ಲೇ ಮೇಟ್. ಕಾವಲಿಗೆ ನಿಂತ ಕಾಲಾಳುಗಳೇ ರಾಜನ ದಾರಿಗೆ ಅಡ್ಡ. ಮಕ್ಕಳ ಆಟದಲ್ಲಿ ಗೆಲ್ಲುವ ಆಟ ಸೋಲುವುದು ಇದರಿಂದಲೇ ಜಾಸ್ತಿ. ಬಿಡುವು ಸಿಕ್ಕಾಗ ಎಚ್ ಸಾಲಿನ ಕಾಲಾಳನ್ನು ಒಂದು ಮನೆ ಮುಂದಿಡಿ. ಆದರೆ ಕ್ಯಾಸಲ್ ಆದ ಕೂಡಲೇ ಕಾರಣವಿಲ್ಲದೆ ಇಡಬೇಡಿ, ಅದೂ ಒಂದು ಚಟ.

ದೊಡ್ಡವರು ಇಂಥ ಸಣ್ಣ ವಿಷಯಕ್ಕೆಲ್ಲ ಸೋಲುವುದಿಲ್ಲ ಅನ್ನಿಸಬಹುದು. 2024ರ ಡಿಸೆಂಬರ್ 12, ಸಿಂಗಪುರ. ವಿಶ್ವ ಚಾಂಪಿಯನ್‌ಷಿಪ್, ಗುಕೇಶ್ ಮತ್ತು ಡಿಂಗ್ ಲಿರೆನ್, 14ನೇ ಆಟ, ಅಂಕ ಸಮ. ಗುಕೇಶ್‌ಗೆ ಒಂದು ಕಾಲಾಳು ಹೆಚ್ಚಿದ್ದರೂ ಆಟ ಡ್ರಾ ಕಡೆ ಹೋಗುತ್ತಿತ್ತು. 55ನೇ ನಡೆಯಲ್ಲಿ ಡಿಂಗ್ ಆನೆಯನ್ನು ಎಫ್2ಕ್ಕೆ ಇಟ್ಟರು. ಅವರ ಒಂಟೆ ಎ8ರ ಮೂಲೆಯಲ್ಲಿತ್ತು. ಗುಕೇಶ್ ಆನೆಗೆ ಆನೆ ಬದಲಾಯಿಸಿ, ತಮ್ಮ ಒಂಟೆಯನ್ನು ಡಿ5ಕ್ಕೆ ತಂದರು. ಮೂಲೆಯ ಒಂಟೆಗೆ ತಪ್ಪಿಸಿಕೊಳ್ಳಲು ಜಾಗವಿಲ್ಲ, ಅದೂ ಬದಲಾಗಲೇಬೇಕು. ಉಳಿದದ್ದು ರಾಜರು, ಕಾಲಾಳುಗಳು, ಆ ಒಂದು ಹೆಚ್ಚಿನ ಕಾಲಾಳು. 18 ವರ್ಷದ ಹುಡುಗ ವಿಶ್ವ ಚಾಂಪಿಯನ್. ಒಂಟೆ ಎ8ರಲ್ಲಿ ಇರದೆ ಓಡಾಡುವ ಜಾಗದಲ್ಲಿದ್ದಿದ್ದರೆ ಬದಲಾವಣೆ ತಪ್ಪಿಸಬಹುದಿತ್ತು.

ಪೋಷಕರು ಕೇಳುತ್ತೀರಿ, ದಿನಕ್ಕೆ ಎಷ್ಟು ಪಜಲ್ ಮಾಡಿಸಬೇಕು, ಚೆನ್ನೈಗೆ ಕಳಿಸಬೇಕಾ ಅಂತ. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಎಂ.ಎಸ್. ತೇಜ್‌ಕುಮಾರ್ ನಮ್ಮ ಮೈಸೂರಿನವರು, ಆ ಪದವಿ ಬಂದದ್ದು 2017ರಲ್ಲಿ. ಊರಿನ ಚಿಂತೆ ಈಗಲೇ ಬೇಡ. ಪಜಲ್ ವಿಷಯದಲ್ಲಿ ನನ್ನದೊಂದು ತಕರಾರಿದೆ. ಪಜಲ್ ಅಂದರೆ ಅಲ್ಲಿ ಏನೋ ಇದೆ ಅಂತ ಮೊದಲೇ ಗೊತ್ತು. ಆಟದಲ್ಲಿ ಯಾರೂ ಬಂದು ಹೇಳುವುದಿಲ್ಲ. ಅದಕ್ಕೆ ಮಗು ಆಡಿದ ಆಟವನ್ನೇ ಬರೆದಿಟ್ಟು, ಸಂಜೆ ಬೋರ್ಡ್ ಮೇಲೆ ಮತ್ತೆ ಆಡಿಸಿ. ಪ್ರತಿ ನಡೆ ಆದ ಮೇಲೆ ಒಂದೇ ಪ್ರಶ್ನೆ ಕೇಳಿ: ಈಗ ಯಾವ ಕಾಯಿಗೆ ಸಪೋರ್ಟ್ ಇಲ್ಲ? ಇಬ್ಬರ ಕಾಯಿಗಳಲ್ಲೂ ಹುಡುಕಲಿ. ನಿಮಗೆ ಚೆಸ್ ಬರದಿದ್ದರೂ ಇದನ್ನು ಕೇಳಬಹುದು. ಎಂಜಿನ್, ಅಂದರೆ ಕಂಪ್ಯೂಟರಿನ ಚೆಸ್ ಪ್ರೋಗ್ರಾಂ, ಹಾಕುವುದು ಆಮೇಲೆ. ಮೊದಲೇ ಹಾಕಿದರೆ ಅದು ಉತ್ತರ ಹೇಳಿಬಿಡುತ್ತದೆ, ಮಗು ಹೂಂ ಅನ್ನುತ್ತದೆ, ಅಷ್ಟೆ.

ಕೊನೆಗೊಂದು ಆಟ, ಇವತ್ತು ಹೇಳಿದ್ದೆಲ್ಲ ಇದರೊಳಗಿದೆ. 1912, ಲಂಡನ್. ಎಡ್ವರ್ಡ್ ಲಾಸ್ಕರ್ ಬಿಳಿ, ಜಾರ್ಜ್ ಥಾಮಸ್ ಕಪ್ಪು. ಥಾಮಸ್ ಕ್ಯಾಸಲ್ ಮಾಡಿ ಜಿ8ರಲ್ಲಿ ಕೂತಿದ್ದಾರೆ. ಲಾಸ್ಕರ್ ರಾಣಿಯಿಂದ ಎಚ್7ರಲ್ಲಿ ಹೊಡೆದರು, ರಾಜ ರಾಣಿಯನ್ನು ಹೊಡೆದ. ಕುದುರೆ ಎಫ್6ಕ್ಕೆ ಬಂತು, ಡಬಲ್ ಚೆಕ್. ರಾಜ ಎಚ್6. ಇನ್ನೊಂದು ಕುದುರೆ ಜಿ4, ಚೆಕ್. ರಾಜ ಜಿ5. ಕಾಲಾಳು ಎಚ್4, ಚೆಕ್. ರಾಜ ಎಫ್4. ಕಾಲಾಳು ಜಿ3, ರಾಜ ಎಫ್3. ಒಂಟೆ ಇ2, ರಾಜ ಜಿ2. ಆನೆ ಎಚ್2, ರಾಜ ಜಿ1. ಕಪ್ಪು ರಾಜ ಬೋರ್ಡನ್ನೇ ದಾಟಿ ಬಿಳಿಯ ಮೊದಲ ಸಾಲಿಗೆ ಬಂದು ನಿಂತಿದ್ದಾನೆ. ಅದೇ ಸಾಲಿನಲ್ಲಿ ಇ1ರಲ್ಲಿ ಬಿಳಿ ರಾಜ, ಎ1ರಲ್ಲಿ ಆನೆ. ಎರಡೂ ಇನ್ನೂ ಅಲ್ಲಾಡಿಲ್ಲ.

ಲಾಸ್ಕರ್ ರಾಜನನ್ನು ಡಿ2ಕ್ಕೆ ಸರಿಸಿದರು. ಹಿಂದಿನ ಆನೆಯಿಂದ ಡಿಸ್ಕವರ್ಡ್ ಚೆಕ್, ಮೇಟ್. ರಾಣಿಯ ಕಡೆ ಕ್ಯಾಸಲ್ ಮಾಡಿದ್ದರೂ ಮೇಟೇ ಆಗುತ್ತಿತ್ತು. ಎರಡರಲ್ಲಿ ಯಾವುದು ಚಂದ ಅಂತ ನೂರು ವರ್ಷದಿಂದ ಜನ ವಾದ ಮಾಡುತ್ತಿದ್ದಾರೆ. ನಾನಾಗಿದ್ದರೆ ಕ್ಯಾಸಲಿಂಗ್. ಕ್ಯಾಸಲ್ ಮಾಡಿ ಮೇಟ್ ಕೊಡುವ ಅವಕಾಶ ಇನ್ನೊಂದು ಸಲ ಎಲ್ಲಿ ಸಿಗುತ್ತದೆ?